ಚಿಮಣಿಯ ಲೆಕ್ಕ, ಮಕ್ಕಳ ರಕ್ತ

ಅಮೆರಿಕದ ಟೆಕ್ಸಾಸ್‌ನಲ್ಲಿ, ಮೆಕ್ಸಿಕೋ ಗಡಿಗೆ ಅಂಟಿಕೊಂಡಿರುವ ಎಲ್ ಪಾಸೊ ನಗರದಲ್ಲಿ 1887ರಿಂದ ಅದಿರು ಕರಗಿಸುವ ಕಾರ್ಖಾನೆಯೊಂದಿತ್ತು. ಮುಂದೆ ಅದು ಅಸಾರ್ಕೊ ಕಂಪನಿಯ ಕೈಸೇರಿತು. ಹೊಗೆ ದೂರ ಹೋಗಲೆಂದು 1960ರ ದಶಕದಲ್ಲಿ 828 ಅಡಿಯ ಚಿಮಣಿಯನ್ನೂ ಕಟ್ಟಿದರು. ಆದರೂ ಊರಿನ ಕಣ್ಣುರಿ, ಕೆಮ್ಮು ತಪ್ಪಲಿಲ್ಲ. 1970ರಲ್ಲಿ ನಗರಾಡಳಿತ ನ್ಯಾಯಾಲಯಕ್ಕೆ ಹೋಯಿತು. ದೂರು ಇದ್ದದ್ದು ಗಂಧಕದ ಹೊಗೆಯ ಮೇಲೆ. ವ್ಯಾಜ್ಯದ ನಡುವೆ ಬಯಲಾದ ಲೆಕ್ಕವೇ ಬೇರೆ: 1969ರಿಂದ 1971ರವರೆಗಿನ ಮೂರು ವರ್ಷಗಳಲ್ಲಿ ಆ ಕಾರ್ಖಾನೆಯಿಂದ 1,116 ಟನ್ ಸೀಸ, 560 ಟನ್ ಸತು, 12 ಟನ್ ಕ್ಯಾಡ್ಮಿಯಂ ಮತ್ತು ಒಂದು ಟನ್ನಿಗೂ ಮಿಕ್ಕಿ ಆರ್ಸೆನಿಕ್ ಗಾಳಿಗೆ ಸೇರಿತ್ತು.

ಲೋಹ ಗಾಳಿಗೆ ಸೇರುವುದು ಹೇಗೆ? ಕುಲುಮೆಯ ಕಾವಿನಲ್ಲಿ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂಗಳ ಒಂದಂಶ ಆವಿಯಾಗುತ್ತದೆ. ಮೇಲೇರಿ ತಣ್ಣಗಾದಾಗ ಅದೇ ಆವಿ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗುತ್ತದೆ. ಬಟ್ಟೆಚೀಲದ ಸೋಸುಕಗಳು ಅದರ ಬಹುಪಾಲನ್ನು ಹಿಡಿಯುತ್ತವೆ, ಪೂರ್ತಿಯಲ್ಲ. ಅದಿರಿನ ರಾಶಿಗಳಿಂದ, ಲಾರಿಗಳಿಂದ, ಚಾವಣಿಯ ಸಂದುಗಳಿಂದ ಏಳುವ ಧೂಳು ಚಿಮಣಿಯ ದಾರಿಯನ್ನೇ ಹಿಡಿಯದೆ ಅಕ್ಕಪಕ್ಕದ ಅಂಗಳಗಳಿಗೆ ಬೀಳುತ್ತದೆ. ಚಿಮಣಿಯನ್ನು ಎಷ್ಟೇ ಎತ್ತರಿಸಿದರೂ ಈ ಧೂಳಿಗೆ ಅದು ಮದ್ದಲ್ಲ.

1972ರಲ್ಲಿ ಫಿಲಿಪ್ ಲ್ಯಾಂಡ್ರಿಗನ್ ಎಂಬ ಯುವ ವೈದ್ಯರ ತಂಡ ಅಲ್ಲಿನ ಮಕ್ಕಳ ರಕ್ತ ಪರೀಕ್ಷಿಸಿತು. ಕಾರ್ಖಾನೆಯಿಂದ 1.6 ಕಿಲೋಮೀಟರ್ ಒಳಗಿದ್ದ 1ರಿಂದ 9 ವರ್ಷದ ಮಕ್ಕಳಲ್ಲಿ ನೂರಕ್ಕೆ 53 ಮಂದಿಯ ರಕ್ತದಲ್ಲಿ ಪ್ರತಿ 100 ಮಿಲಿಲೀಟರಿಗೆ 40 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸವಿತ್ತು. ಕಾರುಗಳ ಪೆಟ್ರೋಲಿನಲ್ಲೂ ಆಗ ಸೀಸ ಬೆರೆಸುತ್ತಿದ್ದರಿಂದ ಬೆರಳನ್ನು ಅತ್ತ ತೋರಿಸುವುದು ಸುಲಭವಿತ್ತು. ಆದರೆ ಗಾಳಿಯಲ್ಲೂ ಮಣ್ಣಿನಲ್ಲೂ ಸೀಸ ಅತಿ ಹೆಚ್ಚಿದ್ದದ್ದು ಕಾರ್ಖಾನೆಯ ಬಳಿ. ದೂರ ಸರಿದಂತೆ ಅದು ಇಳಿಯುತ್ತ ಹೋಗಿತ್ತು. ನಕ್ಷೆಯೇ ಸಾಕ್ಷಿ ಹೇಳಿತು. ಮೇಲ್ನೋಟಕ್ಕೆ ಆರೋಗ್ಯವಾಗಿದ್ದ ಮಕ್ಕಳಲ್ಲೂ ಬುದ್ಧಿಮತ್ತೆಯ ಅಂಕ ಇಳಿದದ್ದು, ಬೆರಳುಗಳ ಚುರುಕು ಕುಗ್ಗಿದ್ದು ಮುಂದಿನ ಪರೀಕ್ಷೆಗಳಲ್ಲಿ ಕಂಡಿತು.

ಅಂದು ಎಚ್ಚರಿಕೆಯ ಗೆರೆ 40. ಅಮೆರಿಕ ಅದನ್ನು 1991ರಲ್ಲಿ 10ಕ್ಕೂ, 2012ರಲ್ಲಿ 5ಕ್ಕೂ, 2021ರಲ್ಲಿ 3.5ಕ್ಕೂ ಇಳಿಸಿತು. 1972ರಲ್ಲಿ 'ಪರವಾಗಿಲ್ಲ' ಎನಿಸಿಕೊಂಡು ಮನೆಗೆ ಹೋದ ಎಷ್ಟೋ ಮಕ್ಕಳು ಇಂದಿನ ಲೆಕ್ಕದಲ್ಲಿ ಚಿಕಿತ್ಸಕರ ಗಮನಕ್ಕೆ ಬರಬೇಕಾದವರು. ಹಳೆಯ ಅಂಕಿಗಳನ್ನು ಜೋಪಾನವಾಗಿಡಬೇಕಾದದ್ದು ಇದಕ್ಕೇ: ವಿಜ್ಞಾನ ಮುಂದುವರಿದಾಗ ಅವನ್ನು ಮತ್ತೊಮ್ಮೆ ಓದಬೇಕಾಗುತ್ತದೆ.

ನ್ಯಾಯಾಲಯದ ಮೆಟ್ಟಿಲೇರದೆ ಇಂಥ ಲೆಕ್ಕ ಜನರ ಕೈಗೆ ಸಿಗುವಂತಾದದ್ದರ ಹಿಂದೆ ನಮ್ಮ ಭೋಪಾಲದ ಅನಿಲ ದುರಂತವಿದೆ. 1984ರ ಆ ರಾತ್ರಿಯಿಂದ ಬೆಚ್ಚಿದ ಅಮೆರಿಕ 1986ರಲ್ಲಿ ಕಾನೂನು ತಂದು, ಯಾವ ಕಾರ್ಖಾನೆ ಯಾವ ವಿಷವನ್ನು ಎಷ್ಟು ಹೊರಬಿಟ್ಟಿತೆಂದು ವರ್ಷವರ್ಷವೂ ಘೋಷಿಸುವಂತೆ ಮಾಡಿತು. 1987ರಿಂದೀಚಿನ ಅಂಕಿಗಳು ಈಗ ಯಾರಿಗಾದರೂ ಲಭ್ಯ. ಆದರೆ ಅವನ್ನು ಎಚ್ಚರದಿಂದ ಓದಬೇಕು. ಹೆಚ್ಚಿನವು ಕಾರ್ಖಾನೆಗಳೇ ಕಟ್ಟಿದ ಅಂದಾಜುಗಳು: ಒಳಗೆ ಬಂದ ಅದಿರಿನಲ್ಲಿ ಇಷ್ಟು ಸೀಸ, ಲೋಹವಾಗಿ ಹೋದದ್ದು ಇಷ್ಟು, ಕಿಟ್ಟದಲ್ಲಿ ಉಳಿದದ್ದು ಇಷ್ಟು ಎಂದು ಕಳೆಯುತ್ತ ಬರುವಾಗ ಸಣ್ಣ ತಪ್ಪೂ ಟನ್ನುಗಟ್ಟಲೆಯಾದೀತು. ನಿಯಮ ಬದಲಾದರೆ ಅಂಕಿಗಳೂ ಜಿಗಿಯುತ್ತವೆ. 2001ರಲ್ಲಿ ಸೀಸವನ್ನು ವರದಿ ಮಾಡಬೇಕಾದ ಮಿತಿಯನ್ನು ಸಾವಿರಾರು ಪೌಂಡ್‌ಗಳಿಂದ 100 ಪೌಂಡ್‌ಗೆ ಇಳಿಸಿದಾಗ ಪಟ್ಟಿಗೆ ಸೇರಿದ ಎಷ್ಟೋ ಘಟಕಗಳು ಹೊಸದಾಗಿ ಹೊಗೆ ಬಿಟ್ಟವೇನಲ್ಲ, ಮೊದಲ ಸಲ ಲೆಕ್ಕಕ್ಕೆ ಬಂದವು. ಉತ್ಪಾದನೆ ಅರ್ಧಕ್ಕಿಳಿದ ವರ್ಷ ಮಾಲಿನ್ಯವೂ ಅರ್ಧವಾದರೆ ಅದನ್ನು ಸುಧಾರಣೆಯೆಂದು ಒಪ್ಪಲಾಗದು. ಆದ್ದರಿಂದ ಘೋಷಿತ ಅಂಕಿಯ ಜೊತೆಗೆ ಬೇಲಿಯಾಚೆಯ ಗಾಳಿ, ಮಣ್ಣು, ಮಕ್ಕಳ ರಕ್ತವನ್ನೂ ಇಟ್ಟು ನೋಡಬೇಕು.

ಎಲ್ ಪಾಸೊ ಕಾರ್ಖಾನೆ 1999ರಲ್ಲಿ ನಿಂತಿತು. ಸೀಸ ಕೊಳೆಯುವ ವಸ್ತುವಲ್ಲ. ಕುಲುಮೆ ಆರಿದ ಮೇಲೂ ನೂರಾರು ಮನೆಗಳ ಅಂಗಳದ ಮಣ್ಣನ್ನು ಅಗೆದು ಸಾಗಿಸಬೇಕಾಯಿತು.

ಭಾರತದಲ್ಲಿ 2009ರ ಮಾನದಂಡದಂತೆ ಗಾಳಿಯ ಒಂದು ಘನ ಮೀಟರಿನಲ್ಲಿ ಸೀಸದ ವಾರ್ಷಿಕ ಸರಾಸರಿ 0.5 ಮೈಕ್ರೋಗ್ರಾಂ ಮೀರಬಾರದು. ಅಮೆರಿಕದ ಮಿತಿ 2008ರಿಂದ, ಮೂರು ತಿಂಗಳ ಸರಾಸರಿಗೆ, 0.15. ತಾಮ್ರ, ಸತು ಕರಗಿಸುವ ದೊಡ್ಡ ಕಾರ್ಖಾನೆಗಳ ಚಿಮಣಿಗಳಿಗೆ ನಿರಂತರ ಮಾಪಕಗಳನ್ನು ನಮ್ಮಲ್ಲೂ ಕಡ್ಡಾಯ ಮಾಡಲಾಗಿದೆ. ಅವು ಮುಖ್ಯವಾಗಿ ಅಳೆಯುವುದು ಗಂಧಕದ ಅನಿಲ ಮತ್ತು ಒಟ್ಟು ಧೂಳನ್ನು; ಆ ಧೂಳಿನಲ್ಲಿ ಸೀಸವೆಷ್ಟು, ಕ್ಯಾಡ್ಮಿಯಂ ಎಷ್ಟು ಎಂಬುದನ್ನಲ್ಲ. ಭೋಪಾಲ ಅನುಭವಿಸಿದ ನಾಡಿಗೆ ಅಮೆರಿಕದಂಥ ಸಾರ್ವಜನಿಕ ಪಟ್ಟಿ ಇನ್ನೂ ಬಂದಿಲ್ಲ. ನಿಮ್ಮೂರ ಬಳಿ ಹಳೆಯ ಬ್ಯಾಟರಿ ಕರಗಿಸುವ ಘಟಕವಿದ್ದರೆ, ಅದರ ಸೀಸದ ಲೆಕ್ಕವನ್ನು ಮಾಹಿತಿ ಹಕ್ಕಿನಡಿ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕೇಳಿ. ಈ ವರ್ಷದ್ದು ಮಾತ್ರವಲ್ಲ, ಹಿಂದಿನ ಹತ್ತು ವರ್ಷಗಳದ್ದೂ.