ಮುಂಬಯಿಯ ಕಡಲಂಚು ಚಿತ್ರದಲ್ಲಾದರೂ ಉಳಿಯಲಿ

ಮುಂಬಯಿಗೆ ಬಂದ ಕನ್ನಡಿಗನು ಊರಿಗೆ ಕಳುಹಿಸುವ ಮೊದಲ ಚಿತ್ರವು ಬಹುಮಟ್ಟಿಗೆ ಮರೀನ್ ಡ್ರೈವಿನದೇ ಆಗಿರುತ್ತದೆ. ಕಟ್ಟೆಯ ಮೇಲೆ ಕುಳಿತ ತಾನು, ಬೆನ್ನ ಹಿಂದೆ ಒಂದು ತುಂಡು ಕಡಲು. ಚಿತ್ರವೇನೋ ಚೆನ್ನಾಗಿರುತ್ತದೆ, ಆದರೆ ಅದರಲ್ಲಿ ಮರೀನ್ ಡ್ರೈವ್ ಇರುವುದಿಲ್ಲ. ನರೀಮನ್ ಪಾಯಿಂಟಿನಿಂದ ಚೌಪಾಟಿಯವರೆಗೆ ಬಿಲ್ಲಿನಂತೆ ಬಾಗಿದ ದಡ, ಅದರ ತುದಿಗೆ ಎದ್ದುನಿಂತ ಮಲಬಾರ್ ಹಿಲ್, ಎದುರಿಗೆ ಸಾಲುಗಟ್ಟಿದ ಮಹಡಿಗಳು, ಇವೆಲ್ಲವೂ ಒಂದೇ ಚೌಕಟ್ಟಿಗೆ ಒಗ್ಗುವಂಥವಲ್ಲ. ಮನುಷ್ಯನು ಕತ್ತು ಹೊರಳಿಸಿ ಕಾಣುವುದನ್ನು ಯಂತ್ರದ ಕಣ್ಣು ಒಂದೇ ನೋಟದಲ್ಲಿ ಹಿಡಿಯಲಾರದು. ಆದುದರಿಂದಲೇ ದೃಶ್ಯವನ್ನು ತುಂಡುತುಂಡಾಗಿ ತೆಗೆದು ಹೊಲಿದು ಒಂದಾಗಿಸುವ ವಿದ್ಯೆ ಹುಟ್ಟಿಕೊಂಡಿತು. ಅದಕ್ಕೆ ಪನೋರಮ ಎಂದು ಹೆಸರು.

ಈ ಹೆಸರು ಛಾಯಾಚಿತ್ರಕ್ಕಿಂತಲೂ ಹಳೆಯದು. ರಾಬರ್ಟ್ ಬಾರ್ಕರ್ ಎಂಬ ಚಿತ್ರಗಾರನು ಸುತ್ತಲಿನ ನೋಟವನ್ನೆಲ್ಲ ದುಂಡಗಿನ ಗೋಡೆಯ ಮೇಲೆ ಬರೆಯುವ ಕ್ರಮಕ್ಕೆ 1787ರಲ್ಲಿ ಹಕ್ಕುಪತ್ರ ಪಡೆದನು. 1793ರಲ್ಲಿ ಲಂಡನ್ನಿನ ಲೀಸ್ಟರ್ ಚೌಕದಲ್ಲಿ ಅದಕ್ಕೆಂದೇ ಒಂದು ದುಂಡು ಕಟ್ಟಡವೆದ್ದಿತು. ಜನರು ದುಡ್ಡು ಕೊಟ್ಟು ಒಳಗೆ ನಿಂತು ದೂರದ ಊರುಗಳನ್ನು ನೋಡುತ್ತಿದ್ದರು. ನಮ್ಮ ಮುಂಬಯಿಗೂ ಛಾಯಾಚಿತ್ರ ಕಲೆಯು ಬಹು ಬೇಗ ಕಾಲಿಟ್ಟಿತು. ಇಲ್ಲಿಯ ಫೊಟೋಗ್ರಾಫಿಕ್ ಸೊಸೈಟಿ ಸ್ಥಾಪನೆಯಾದದ್ದು 1854ರಲ್ಲಿ. ಡಾ. ಭಾವು ದಾಜಿಯವರ ಸೋದರ ಡಾ. ನಾರಾಯಣ ದಾಜಿಯವರು ಆ ಕಾಲದ ಹೆಸರಾಂತ ಛಾಯಾಚಿತ್ರಕಾರರು. ಅಂದಿನವರಿಗೆ ಗಾಜಿನ ಫಲಕ, ಮೂರು ಕಾಲಿನ ಕಂಬ, ರಾಸಾಯನಿಕ ದ್ರವ್ಯ ಎಲ್ಲವೂ ಬೇಕಾಗಿದ್ದವು. ಇಂದು ಅದೇ ಕೆಲಸವು ಸಪ್ಲಾಯರನ ಅಂಗಿಯ ಜೇಬಿನಲ್ಲಿರುವ ಫೋನಿನಿಂದ ಸಾಧ್ಯ.

ಇದನ್ನು ಬರಿಯ ಶೋಕಿಯೆಂದು ವಾಚಕರು ತಳ್ಳಿಹಾಕಬಾರದೆಂದೇ ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ. ನಮ್ಮ ಕಣ್ಣೆದುರಿಗೇ ಮುಂಬಯಿಯ ಪಶ್ಚಿಮದ ದಡ ಬದಲಾಗಿದೆ. ಮರೀನ್ ಡ್ರೈವಿನಿಂದ ವರಳಿಯವರೆಗೆ 10.58 ಕಿಲೋಮೀಟರು ಉದ್ದದ ಕರಾವಳಿ ರಸ್ತೆಗಾಗಿ ಸುಮಾರು 111 ಹೆಕ್ಟೇರ್ ಕಡಲನ್ನು ತುಂಬಲಾಯಿತು. 2019ರ ಜುಲೈಯಲ್ಲಿ ಮುಂಬಯಿ ಹೈಕೋರ್ಟು ಕೆಲಸವನ್ನು ತಡೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮುಂದುವರಿಸಲು ಅವಕಾಶವಿತ್ತಿತು. 2024ರ ಮಾರ್ಚಿಯಲ್ಲಿ ರಸ್ತೆಯ ಮೊದಲ ಭಾಗ ತೆರೆಯಿತು. ರಸ್ತೆಯಿಂದ ಅನುಕೂಲವಾಗಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಬ್ರೀಚ್ ಕ್ಯಾಂಡಿಯಲ್ಲಿ ಅಲೆ ಬಡಿಯುತ್ತಿದ್ದ ಬಂಡೆಗಳು ಎಲ್ಲಿಯವರೆಗಿದ್ದವು, ಹಾಜಿ ಅಲಿಯ ಎದುರು ಇಳಿತದ ವೇಳೆ ಎಷ್ಟು ನೆಲ ಕಾಣುತ್ತಿತ್ತು ಎಂದು ಇಂದು ಕೇಳಿದರೆ ಬೆರಳಿಟ್ಟು ತೋರಿಸಲು ನಮ್ಮಲ್ಲಿ ಎಷ್ಟು ಮಂದಿಯ ಬಳಿ ಚಿತ್ರವಿದೆ? ಇರುವುದೆಲ್ಲ ನಮ್ಮ ನಮ್ಮ ಮುಖಗಳೇ.

ವರಳಿ ಕೋಳಿವಾಡಾದ ಬೆಸ್ತರ ವಿಷಯವನ್ನೇ ನೋಡಿರಿ. ಹೊಸ ರಸ್ತೆಯ ಸೇತುವೆಯ ಕಂಬಗಳ ನಡುವೆ 60 ಮೀಟರ್ ಅಂತರವಿದ್ದರೆ ಅಲೆಯೆದ್ದಾಗ ದೋಣಿಗಳು ಕಂಬಕ್ಕೆ ಬಡಿಯುವುವೆಂದು ಅವರು ವರ್ಷಗಟ್ಟಲೆ ಹೋರಾಡಿ ಕೊನೆಗೆ ಅದನ್ನು 120 ಮೀಟರಿಗೆ ಏರಿಸಿಕೊಂಡರು. ಕ್ಲೀವ್‌ಲ್ಯಾಂಡ್ ಬಂದರದಿಂದ ದೋಣಿ ಹೊರಡುವ ದಾರಿ ಯಾವುದು, ನೀರಿನೊಳಗಿನ ಬಂಡೆ ಯಾವ ಇಳಿತದಲ್ಲಿ ತಲೆಯೆತ್ತುತ್ತದೆ ಎಂಬುದು ಅವರಿಗೆ ಕರತಲಾಮಲಕ. ಆದರೆ ಕಚೇರಿಯ ಮೇಜಿನ ಮೇಲೆ ಬಾಯಿಮಾತಿಗಿಂತ ಚಿತ್ರಕ್ಕೆ ಬೆಲೆ ಹೆಚ್ಚು. ಸಾಮಾನ್ಯ ಚಿತ್ರದಲ್ಲಿ ದಡವೆಂಬುದು ಒಂದು ಗೆರೆ. ಸೂಕ್ಷ್ಮ ವಿವರಗಳುಳ್ಳ ಪನೋರಮದಲ್ಲಿಯಾದರೋ ದೋಣಿಗಳನ್ನು ಎಣಿಸಬಹುದು, ನೀರು ಎಷ್ಟನೆಯ ಮೆಟ್ಟಿಲಿಗೆ ಮುಟ್ಟಿದೆಯೆಂದು ಓದಬಹುದು.

ಸೂಕ್ಷ್ಮತೆಯ ಲೆಕ್ಕವು ನಮ್ಮ ಗುಮಾಸ್ತ ಬಂಧುಗಳಿಗೆ ಕಷ್ಟದ್ದಲ್ಲ. 12 ಮೆಗಾಪಿಕ್ಸೆಲ್ ಫೋನಿನ ಒಂದು ಚಿತ್ರದಲ್ಲಿ 1 ಕೋಟಿ 20 ಲಕ್ಷ ಚುಕ್ಕೆಗಳು. ಫೋನನ್ನು ನೆಟ್ಟಗೆ ಹಿಡಿದರೆ ಅಗಲಕ್ಕೆ 3,000, ಎತ್ತರಕ್ಕೆ 4,000. ಒಂದರ ಮೇಲೊಂದು ಮೂರನೆಯ ಒಂದು ಪಾಲು ಹೊದ್ದುಕೊಳ್ಳುವಂತೆ ತೆಗೆದರೆ ಅರ್ಧವೃತ್ತದ ದೃಶ್ಯಕ್ಕೆ ಐದು ಚಿತ್ರ ಸಾಕು. ಕೂಡಿಸಿದಾಗ ಸುಮಾರು 4 ಕೋಟಿ 40 ಲಕ್ಷ ಚುಕ್ಕೆ. ಮೂರು ಪಟ್ಟು ಹತ್ತಿರಕ್ಕೆ ಎಳೆಯುವ ಬೇರೆ ಮಸೂರವು ಫೋನಿನಲ್ಲಿದ್ದರೆ ಅದೇ ದೃಶ್ಯಕ್ಕೆ ಹದಿನಾಲ್ಕು ಚಿತ್ರ ಬೇಕು. ಆಗ ಚುಕ್ಕೆಗಳು 11 ಕೋಟಿಯನ್ನು ಮೀರುತ್ತವೆ. ಅದನ್ನು ಅಂಗುಲಕ್ಕೆ 300 ಚುಕ್ಕೆಯಂತೆ ಅಚ್ಚು ಹಾಕಿದರೆ ಎಂಟಡಿ ಉದ್ದ, ಒಂದಡಿಗೆ ತುಸು ಮೇಲ್ಪಟ್ಟ ಎತ್ತರದ ಪಟ್ಟಿಯಾದೀತು. ಹೋಟೆಲಿನ ಗೋಡೆಗೆ ಸ್ವಿಟ್ಜರ್ಲೆಂಡಿನ ಹಿಮಪರ್ವತವನ್ನು ಅಂಟಿಸುವ ನಮ್ಮ ಮಾಲೀಕ ಮಿತ್ರರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ನೂರು ಕೋಟಿ ಚುಕ್ಕೆಗಳ ಗಿಗಾಪಿಕ್ಸೆಲ್ ಚಿತ್ರಗಳನ್ನು ಮಾಡುವವರೂ ಇದ್ದಾರೆ. ಅದಕ್ಕೆ ದೊಡ್ಡ ಕ್ಯಾಮೆರಾ, ದೂರದ ಮಸೂರ, ಸಾಲುಸಾಲಾಗಿ ನೂರಾರು ಚಿತ್ರಗಳು ಬೇಕು. ಅದು ನಮ್ಮ ಜೇಬಿಗೆ ಮೀರಿದ ಮಾತು.

ಫೋನಿನಲ್ಲಿಯೇ ಇರುವ ‘ಪನೋರಮ’ ಗುಂಡಿಯನ್ನು ಒತ್ತಿ ಬೀಸಿದರೆ ಕೆಲಸ ಸುಲಭ, ಆದರೆ ಫಲ ಕಡಮೆ. ವಿವರಗಳು ಕರಗಿ ಅಲೆಗಳು ಮುರಿದು ಕಾಣುತ್ತವೆ. ಬಿಡಿಬಿಡಿಯಾಗಿ ತೆಗೆಯುವುದೇ ಲೇಸು. ಬೆಳಕನ್ನೂ ಬಣ್ಣವನ್ನೂ ಮೊದಲ ಚಿತ್ರಕ್ಕೇ ಬಿಗಿಮಾಡಬೇಕು. ಇಲ್ಲವಾದರೆ ಆಕಾಶವು ತೇಪೆ ಹಾಕಿದ ಅಂಗಿಯಂತಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ತಿರುಗುವ ರೀತಿ. ಒಂದು ಕಣ್ಣು ಮುಚ್ಚಿ ಮೂಗಿನ ಮುಂದೆ ಬೆರಳೆತ್ತಿ ತಲೆಯನ್ನು ಹೊರಳಿಸಿರಿ: ದೂರದ ಕಟ್ಟಡದ ಮುಂದೆ ಬೆರಳು ಸರಿದಂತೆ ಕಾಣುವುದು. ಕೈಚಾಚಿ ಫೋನನ್ನು ಬೀಸಿದಾಗ ಹತ್ತಿರದ ಕಟ್ಟೆ, ಸರಳುಗಳೆಲ್ಲ ಹೀಗೆಯೇ ಸರಿದು, ಹೊಲಿಗೆಯಲ್ಲಿ ಒಡೆಯುತ್ತವೆ. ಆದುದರಿಂದ ಫೋನು ಗೂಟದಂತೆ ನಿಂತಲ್ಲೇ ತಿರುಗಬೇಕು. ನಾವು ಅದರ ಸುತ್ತ ಹೆಜ್ಜೆಯಿಡಬೇಕು. ಕಡಲ ಅಂಚಿನ ಗೆರೆಯು ಎಳ್ಳಷ್ಟು ವಾಲಿದರೂ ಮುಚ್ಚಿಡಲು ಬರುವುದಿಲ್ಲ. ಅಲೆಗಳು ಒಂದು ಕ್ಷಣವೂ ನಿಲ್ಲವಾದ್ದರಿಂದ ಚಿತ್ರಗಳನ್ನು ಚಕಚಕನೆ ತೆಗೆದು, ಹೊಲಿಗೆಯನ್ನು ಆದಷ್ಟು ಬಂಡೆ, ಕಟ್ಟಡಗಳ ಮೇಲೆ ಬರಿಸಬೇಕು; ಇಲ್ಲವಾದರೆ ಒಂದೇ ದೋಣಿ ಎರಡಾಗಿ ಕಾಣುವ ವಿನೋದವೂ ಉಂಟು. ಹೊಲಿಯುವುದಕ್ಕೆ ಹ್ಯೂಗಿನ್ ಎಂಬ ತಂತ್ರಾಂಶವು ಕಂಪ್ಯೂಟರಿಗೆ ಪುಕ್ಕಟೆಯಾಗಿ ದೊರೆಯುತ್ತದೆ.

ನಿಲ್ಲುವ ಜಾಗಗಳಿಗೆ ಈ ನಗರದಲ್ಲಿ ಬರವಿಲ್ಲ. ಮಲಬಾರ್ ಹಿಲ್ಲಿನ ಕಮಲಾ ನೆಹರೂ ಉದ್ಯಾನದಿಂದ ಚೌಪಾಟಿಯೂ ಮರೀನ್ ಡ್ರೈವೂ ಕಾಲ ಕೆಳಗೆ ತೆರೆದುಕೊಳ್ಳುತ್ತವೆ. ಮಧ್ಯಾಹ್ನದ ಮೇಲೆ ಸೂರ್ಯನು ಬೆನ್ನ ಹಿಂದಿರುವನು. ದಡದಲ್ಲಿ ನಿಂತವನಿಗೆ ಕಡಲು ಐದು ಕಿಲೋಮೀಟರಿನೊಳಗೇ ಮುಗಿದರೆ, ಸುಮಾರು 50 ಮೀಟರ್ ಎತ್ತರದಲ್ಲಿ ನಿಂತವನಿಗೆ 25 ಕಿಲೋಮೀಟರ್ ದೂರದವರೆಗೆ ಕಾಣುತ್ತದೆ. ಬಾಂದ್ರಾದ ಹಳೆಯ ಪೋರ್ಚುಗೀಸ್ ಕೋಟೆಯಿಂದ ಮಾಹಿಮ್ ಕೊಲ್ಲಿ, 2009ರಲ್ಲಿ ತೆರೆದ ಸೀ ಲಿಂಕ್ ಸೇತುವೆ ಮತ್ತು ವರಳಿಯ ತುದಿ ಒಟ್ಟಿಗೆ ಸಿಗುತ್ತವೆ. ಅಲ್ಲಿಗೆ ಬೆಳಗಿನ ಪಾಳಿಯವರು ಬಿಡುವಿನ ದಿನ ಹೋಗುವುದು ಒಳ್ಳೆಯದು. ಚಳಿಗಾಲದ ಆಕಾಶವನ್ನು ನಂಬಬೇಡಿರಿ. ಧೂಳು ಹೊಗೆಗಳಲ್ಲಿ ಆಚೆ ದಡವೇ ಅಡಗುತ್ತದೆ. ಮಳೆ ತೊಳೆದುಹೋದ ಮರುದಿನದ ಬಿಸಿಲೇ ಬಿಸಿಲು.

ಪೂರ್ವದ ಬಂದರದ ಕಡೆಗೆ ಮಾತ್ರ ಜಾಗ್ರತೆ. ನೌಕಾದಳದ ಪ್ರದೇಶಗಳ ಚಿತ್ರ ತೆಗೆಯುವುದು ನಿಷಿದ್ಧ. ಡ್ರೋನ್ ಹಾರಿಸುವುದನ್ನೂ ಪೊಲೀಸರು ಆಗಾಗ್ಗೆ ಆಜ್ಞೆ ಹೊರಡಿಸಿ ತಡೆಯುತ್ತಾರೆ. ಮೂರು ಕಾಲಿನ ಸ್ಟ್ಯಾಂಡು ಕಂಡೊಡನೆ ಕಾವಲುಗಾರನು ಸಿನೆಮಾದವರೆಂದು ತಿಳಿದು ಓಡಿ ಬರುವುದುಂಟು. ಕೈಯಲ್ಲಿ ಹಿಡಿದ ಫೋನನ್ನು ಯಾರೂ ಕೇಳರು.

ಊರಿನ ಕಡಲೂ ಸುಮ್ಮನಿಲ್ಲ. ಉಳ್ಳಾಲ, ಸೋಮೇಶ್ವರ, ಉಚ್ಚಿಲಗಳಲ್ಲಿ ಕಡಲ್ಕೊರೆತವು ಮನೆ ತೆಂಗುಗಳನ್ನು ನುಂಗಿದ್ದನ್ನು ನಮ್ಮ ವಾಚಕರಲ್ಲಿ ಅನೇಕರು ಕಣ್ಣಾರೆ ಬಲ್ಲರು. ರಜೆಯಲ್ಲಿ ಹೋದವರು ಪ್ರತಿ ವರ್ಷವೂ ಒಂದೇ ಕಲ್ಲಿನ ಬಳಿ ನಿಂತು, ಒಂದೇ ದಿಕ್ಕಿನಿಂದ ಆರಂಭಿಸಿ ಚಿತ್ರ ತೆಗೆದಿಟ್ಟರೆ ದಡ ಎಷ್ಟು ಹಿಂದೆ ಸರಿಯಿತೆಂದು ಅಳೆಯಲು ಸಾಧ್ಯ. ಆದರೆ ಭರತ ಇಳಿತಗಳ ಹೊತ್ತು ಒಂದೇ ಆಗಿರಬೇಕು. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಮುಂಬಯಿಯಲ್ಲಿ ನೀರು 4 ಮೀಟರಿಗೂ ಮೇಲ್ಪಟ್ಟು ಏರಿಳಿಯುತ್ತದೆ. ಇಳಿತದ ಚಿತ್ರವನ್ನು ಭರತದ ಚಿತ್ರದೊಡನೆ ಹೋಲಿಸಿ ದಡ ಹೋಯಿತೆಂದರೆ ಯಾರೂ ನಂಬಲಾರರು. ಪ್ರತಿ ಚಿತ್ರದ ಜೊತೆಗೆ ಸ್ಥಳ, ತಾರೀಖು, ಗಂಟೆ, ಭರತವೋ ಇಳಿತವೋ ಎಂಬುದನ್ನು ಬರೆದಿಡತಕ್ಕದ್ದು. ಹೊಲಿದ ಚಿತ್ರದ ಜೊತೆ ಬಿಡಿ ಚಿತ್ರಗಳನ್ನೂ ಅಳಿಸದೆ ಉಳಿಸಿಕೊಳ್ಳಬೇಕು. ವಾಟ್ಸಾಪಿನಲ್ಲಿ ಊರಿಗೆ ಕಳುಹಿಸುವಾಗ ಚಿತ್ರವೆಂದು ಕಳುಹಿಸಿದರೆ ಅದು ಕುಗ್ಗಿ ವಿವರಗಳೆಲ್ಲ ಹೋಗುತ್ತವೆ. ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಇದ್ದಂತೆಯೇ ತಲುಪುತ್ತದೆ.