ಹಿಮದ ನಾಡಿಗೆ ಚಳಿಗಾಲದ ಪ್ರಯಾಣ

ಮುಡುಕುತೊರೆಯ ಬಳಿ ನಮ್ಮ ಕಾವೇರಿಯು ಮುಡುಕಾಗಿ ತಿರುಗಿ ಹರಿಯುವಳು. ಸಮೀಪದಲ್ಲಿಯೇ ತಲಕಾಡಿನ ಮರಳುಗುಡ್ಡಗಳಿವೆ. ಈ ಸೀಮೆಯಲ್ಲಿ ಬೆಳೆದ ನಾವು ದಿಬ್ಬಗಳೆಂದರೆ ಮರಳಿನವುಗಳನ್ನೇ ಬಲ್ಲೆವು. ಹಿಮದ ದಿಬ್ಬಗಳನ್ನು ಚಿತ್ರದಲ್ಲಿ ಮಾತ್ರ ಕಂಡವರೇ ಹೆಚ್ಚು. ಅವುಗಳನ್ನು ಕಣ್ಣಾರೆ ಕಾಣಬೇಕೆಂಬ ಆಸೆಯು ಸಹಜವಾದುದೇ. ಆದರೆ ಆಸೆಯೊಡನೆ ಮುಂದಾಲೋಚನೆಯೂ ಇರತಕ್ಕದ್ದು.

ಮೊದಲನೆಯದಾಗಿ ಸ್ಥಳವನ್ನು ವಿಚಾರಿಸೋಣ. ಹಿಮಾಲಯವೆಂದೊಡನೆ ಅನೇಕರಿಗೆ ಕೇದಾರವು ನೆನಪಾಗುವುದು. ಅಲ್ಲಿಯ ಮುಖ್ಯ ಅರ್ಚಕರಾದ ರಾವಲರು ನಮ್ಮ ಕನ್ನಡನಾಡಿನ ವೀರಶೈವರೆಂಬುದು ಹೆಮ್ಮೆಯ ಸಂಗತಿ. ಆದರೆ ಚಳಿಗಾಲದಲ್ಲಿ ಆ ದೇವಾಲಯವು ಮುಚ್ಚಿರುತ್ತದೆ. ಪೂಜೆಯು ಊಖೀಮಠದಲ್ಲಿ ನಡೆಯುತ್ತದೆ. ಆದುದರಿಂದ ಪ್ರಥಮ ಪ್ರಯಾಣಕ್ಕೆ ಸುಮಾರು 2,200 ಮೀಟರ್ ಎತ್ತರದ ಸಿಮ್ಲಾ ನಗರವು ಉಚಿತವಾದುದು. ಬೆಂಗಳೂರಿನಿಂದ ದೆಹಲಿಯ ಮೂಲಕ ಕಾಲ್ಕಾ ಸೇರಿ, 1903ರಲ್ಲಿ ಆರಂಭವಾದ 96 ಕಿಲೋಮೀಟರಿನ ಚಿಕ್ಕ ರೈಲಿನಲ್ಲಿ ನೂರಕ್ಕೂ ಹೆಚ್ಚು ಸುರಂಗಗಳನ್ನು ದಾಟಿ ಹೋಗಬಹುದು.

ಇನ್ನು ಕಾಲ. ಮೇಲೇರಿದಂತೆಲ್ಲಾ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಷ್ಟು ಶಾಖವು ಕುಗ್ಗುವುದು. ಆದರೆ ಚಳಿಯೊಂದರಿಂದಲೇ ಹಿಮ ಬೀಳದು, ತೇವವೂ ಬೇಕಷ್ಟೆ. ಆ ತೇವವನ್ನು ಪಶ್ಚಿಮದಿಂದ, ಮೆಡಿಟರೇನಿಯನ್ ಸಮುದ್ರದ ಕಡೆಯಿಂದ, ಬರುವ ವಾಯುಕ್ಷೋಭೆಗಳು ತರುತ್ತವೆ. ಅವು ಬರುವ ದಿನವನ್ನು ತಿಂಗಳ ಮೊದಲೇ ಹೇಳಲಾಗದು. ಕ್ರಿಸ್‌ಮಸ್ ರಜವು ನಮಗೆ ಅನುಕೂಲವಾದರೂ, ಜನವರಿ ಫೆಬ್ರವರಿಗಳಲ್ಲಿಯೇ ಹಿಮವನ್ನು ಕಾಣುವ ಸಂಭವ ಹೆಚ್ಚು. ಹಿಮ ಬಿದ್ದಾಗ ದಾರಿಗಳು ಕಟ್ಟಿಹೋಗುವುದುಂಟು. ಆದಕಾರಣ ಎರಡು ದಿನಗಳನ್ನೂ ಅವುಗಳಿಗೆ ತಕ್ಕ ಹಣವನ್ನೂ ಹೆಚ್ಚಾಗಿ ಇರಿಸಿಕೊಂಡೇ ಹೊರಡಬೇಕು.

ಮೂರನೆಯದು ಉಡುಪು. ಒಂದೇ ದಪ್ಪ ಕಂಬಳಿಗಿಂತ, ಒಂದರ ಮೇಲೊಂದು ಧರಿಸಿದ ತೆಳುವಾದ ಉಣ್ಣೆಯ ಬಟ್ಟೆಗಳು ಮೇಲು. ಅವುಗಳ ನಡುವೆ ನಿಂತ ಗಾಳಿಯೇ ಮೈಶಾಖವನ್ನು ಕಾಯುವುದು. ಹತ್ತಿಬಟ್ಟೆ ನೆನೆದರೆ ಬೇಗ ಒಣಗದೆ ಮೈಯನ್ನು ತಣ್ಣಗಾಗಿಸುವುದು. ನೀರು ಹೊಗದ ಪಾದರಕ್ಷೆ, ಕಾಲುಚೀಲ, ಕೈಚೀಲ, ಕಿವಿ ಮುಚ್ಚುವ ಟೋಪಿಗಳು ಅವಶ್ಯಕ. ಹೊಸ ಹಿಮವು ಬಿಸಿಲನ್ನು ಬಹುಪಾಲು ಹಿಂದಕ್ಕೆ ಎಸೆಯುವುದರಿಂದ ಕಪ್ಪು ಕನ್ನಡಕವೂ ಬೇಕು. ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದ ಗುಣವತಿಯಾದ ಗೃಹಿಣಿಯು ಹಿಮಕ್ಕೆ ಅಂಜದೆ ಇದ್ದುದು, ಮನೆಯವರ ಉಡುಪನ್ನು ಮುಂಚೆಯೇ ಸಿದ್ಧಪಡಿಸಿದ್ದುದರಿಂದಲೇ ಅಲ್ಲವೆ?

ಕಡೆಯದಾಗಿ ಪ್ರಾಣರಕ್ಷಣೆ. ರಾತ್ರಿ ಚಳಿಯೆಂದು ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆಯನ್ನಿಟ್ಟು ಮಲಗಬಾರದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ರೆಯಲ್ಲಿಯೇ ಪ್ರಾಣವನ್ನು ತೆಗೆಯುವುದು. ನಮ್ಮ ಹಳ್ಳಿಗಳ ಬಾಣಂತಿಕೋಣೆಗೂ ಈ ಎಚ್ಚರಿಕೆಯು ಸಲ್ಲುವುದು. 2,500 ಮೀಟರಿಗಿಂತ ಮೇಲೆ ಹೋಗುವವರು ನಿಧಾನವಾಗಿ ಏರತಕ್ಕದ್ದು. ತಲೆನೋವು, ವಾಕರಿಕೆಗಳು ತೋರಿದರೆ ಮುಂದೆ ಏರದೆ ನಿಲ್ಲಬೇಕು, ಹೆಚ್ಚಾದರೆ ಕೂಡಲೇ ಕೆಳಗಿಳಿಯಬೇಕು. ದಾರಿ ಮುಚ್ಚಿದೆಯೆಂದು ಅಲ್ಲಿಯವರು ಹೇಳಿದರೆ ಮರುಮಾತಿಲ್ಲದೆ ಹಿಂದಿರುಗಬೇಕು. ಬೆಟ್ಟವು ಮುಂದಿನ ವರ್ಷವೂ ಅಲ್ಲಿಯೇ ಇರುವುದು. ನೋಡುವ ನಾವು ಕ್ಷೇಮವಾಗಿರಬೇಕಾದುದೇ ಮುಖ್ಯ.