ಕೀಟ ಸಂಶೋಧನೆ: ಉದ್ಯಮದ ಕಾಣದ ಬಂಡವಾಳ

ರೇಷ್ಮೆ ನೂಲು ಬಿಚ್ಚುವ ಘಟಕ, ಸಬ್ಬಕ್ಕಿ ಕಾರ್ಖಾನೆ, ಹಣ್ಣು ಸಂಸ್ಕರಣಾ ಘಟಕ ಮುಂತಾದ ಕೃಷಿ ಆಧಾರಿತ ಉದ್ಯಮಗಳನ್ನು ನಡೆಸುವವರು ಕಚ್ಚಾ ಮಾಲಿನ ಬೆಲೆ, ವಿದ್ಯುತ್ ದರ ಹಾಗೂ ಬ್ಯಾಂಕಿನ ಬಡ್ಡಿಯ ಮೇಲೆ ಸದಾ ಕಣ್ಣಿಟ್ಟಿರುತ್ತಾರೆ. ಆದರೆ ಕಚ್ಚಾ ಮಾಲಿನ ಪೂರೈಕೆಯನ್ನೇ ಬುಡಮೇಲು ಮಾಡಬಲ್ಲ ಕೀಟಗಳ ಕುರಿತು ನಡೆಯುವ ಸಂಶೋಧನೆಯು ಅವರ ಗಮನಕ್ಕೆ ಬರುವುದು ಅಪರೂಪ. ಈ ಸಂಶೋಧನೆಗೂ ವ್ಯಾಪಾರದ ಲಾಭನಷ್ಟಕ್ಕೂ ಇರುವ ನೇರ ಸಂಬಂಧಕ್ಕೆ ಪಪ್ಪಾಯ ಹಿಟ್ಟು ತಿಗಣೆಯ ಪ್ರಕರಣವು ಉತ್ತಮ ನಿದರ್ಶನವಾಗಿದೆ.

ಬಿಳಿ ಹಿಟ್ಟಿನ ಹಾವಳಿ

2008ರಲ್ಲಿ ಕೊಯಮತ್ತೂರಿನ ಪಪ್ಪಾಯ ತೋಟಗಳಲ್ಲಿ ಎಲೆ, ಕಾಂಡ ಮತ್ತು ಕಾಯಿಗಳ ಮೇಲೆ ಹಿಟ್ಟು ಚೆಲ್ಲಿದಂತೆ ಕಾಣುವ ಕೀಟವೊಂದು ಪತ್ತೆಯಾಯಿತು. ಸಸ್ಯರಸವನ್ನು ಹೀರಿ ಬದುಕುವ ಈ ತಿಗಣೆಯು ಪಪ್ಪಾಯಕ್ಕೆ ಮಾತ್ರ ಸೀಮಿತವಾಗಿ ಉಳಿಯದೆ ಹಿಪ್ಪುನೇರಳೆ, ಮರಗೆಣಸು, ಹತ್ತಿ ಹಾಗೂ ತೇಗದ ಗಿಡಗಳಿಗೂ ಹಬ್ಬಿತು. ಕರ್ನಾಟಕ, ಕೇರಳ ಮತ್ತು ಮಹಾರಾಷ್ಟ್ರಗಳಲ್ಲಿಯೂ ಅದು ಕಾಣಿಸಿಕೊಂಡಿತು.

ರೇಷ್ಮೆ ಉದ್ಯಮಕ್ಕೆ ಇದು ಇಮ್ಮಡಿ ಸಂಕಟವಾಗಿತ್ತು. ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪೇ ಆಹಾರ. ಕೀಟ ಬಿದ್ದ ಸೊಪ್ಪು ಮೇವಿಗೆ ಒದಗದು. ಕೀಟನಾಶಕ ಸಿಂಪಡಿಸಿದ ಸೊಪ್ಪನ್ನು ತಿಂದರೆ ಹುಳುವೇ ಸಾಯುತ್ತದೆ. ಸೊಪ್ಪಿಲ್ಲದಿದ್ದರೆ ಗೂಡಿಲ್ಲ, ಗೂಡಿಲ್ಲದಿದ್ದರೆ ನೂಲು ಬಿಚ್ಚುವವನಿಗೂ ನೇಕಾರನಿಗೂ ಕೆಲಸವಿಲ್ಲ. ತಿಗಣೆಯ ಮೈಮೇಲಿನ ಮೇಣದ ಹೊದಿಕೆಯ ದೆಸೆಯಿಂದ ಔಷಧವು ಅದರ ದೇಹಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಸಿಂಪಡಣೆಯಿಂದ ನಾಶವಾದವುಗಳಲ್ಲಿ ತಿಗಣೆಯನ್ನು ತಿಂದು ಬದುಕುವ ಉಪಕಾರಿ ಕೀಟಗಳೂ ಇದ್ದವು.

ಹೆಸರಿನಿಂದ ದೊರೆತ ಪರಿಹಾರ

ನಮ್ಮಲ್ಲಿ ಹಿಟ್ಟು ತಿಗಣೆಗಳ ಅನೇಕ ಪ್ರಭೇದಗಳಿದ್ದು, ಬರಿಗಣ್ಣಿಗೆ ಎಲ್ಲವೂ ಒಂದೇ ಬಗೆಯಾಗಿ ತೋರುತ್ತವೆ. ಪಪ್ಪಾಯ ಹಿಟ್ಟು ತಿಗಣೆಯ ಹಳದಿ ದೇಹವು ಆಲ್ಕೋಹಾಲಿನಲ್ಲಿ ಇಟ್ಟಾಗ ನೀಲಿಗಪ್ಪಾಗುತ್ತದೆ. ಈ ಕುರುಹಿನ ಜೊತೆಗೆ ಸೂಕ್ಷ್ಮದರ್ಶಕದ ಪರೀಕ್ಷೆಯೂ ಸೇರಿದಾಗ ಅದು ‘ಪ್ಯಾರಾಕಾಕಸ್ ಮಾರ್ಜಿನೇಟಸ್’ ಎಂಬುದು ನಿಶ್ಚಿತವಾಗುತ್ತದೆ. ಈ ಹೆಸರಿನ ಹಿಂದೆ ದೀರ್ಘ ಪರಿಶ್ರಮವಿದೆ. ಇದರ ಮಾದರಿಗಳನ್ನು ಮೆಕ್ಸಿಕೋದಲ್ಲಿ ಸಂಗ್ರಹಿಸಿದ್ದು 1955ರಲ್ಲಿ. ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ವಿವರಿಸಿದ್ದು 1992ರಲ್ಲಿ. ಅದರ ನೈಸರ್ಗಿಕ ಶತ್ರುಗಳಾದ ಮೂರು ಕಿರುಕಣಜಗಳಲ್ಲಿ ಎರಡಕ್ಕೆ ವೈಜ್ಞಾನಿಕ ಹೆಸರು ದೊರೆತದ್ದು 2003ರಲ್ಲಿ.

ಹೆಸರು ತಿಳಿದೊಡನೆ ಕೀಟದ ತವರು ತಿಳಿಯಿತು, ತವರಿನಲ್ಲಿ ಅದನ್ನು ಅಂಕೆಯಲ್ಲಿಟ್ಟ ಶತ್ರುವೂ ತಿಳಿಯಿತು. ಬೆಂಗಳೂರಿನ ಹೆಬ್ಬಾಳದಲ್ಲಿರುವ, ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂದು ಕರೆಯಲ್ಪಡುವ ಸಂಸ್ಥೆಯು 2010ರಲ್ಲಿ ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊ ರಿಕೊದಿಂದ ಈ ಮೂರು ಕಣಜಗಳನ್ನು ತರಿಸಿಕೊಂಡಿತು. ಅವು ಇತರ ಉಪಕಾರಿ ಕೀಟಗಳಿಗೆ ಹಾನಿಯುಂಟುಮಾಡುವುದಿಲ್ಲವೆಂದು ಪರೀಕ್ಷಿಸಿದ ನಂತರ ಅಕ್ಟೋಬರ್‌ನಿಂದ ತೋಟಗಳಲ್ಲಿ ಬಿಡುಗಡೆ ಮಾಡಲಾಯಿತು. ಇವುಗಳಲ್ಲಿ ‘ಅಸಿರೋಫೇಗಸ್ ಪಪಾಯೆ’ ಅತ್ಯಂತ ಪರಿಣಾಮಕಾರಿಯೆನಿಸಿತು. ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಈ ಕಣಜವು ಮರಿ ತಿಗಣೆಯ ದೇಹದೊಳಗೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿಯು ತಿಗಣೆಯನ್ನು ಒಳಗಿನಿಂದಲೇ ತಿಂದು ಬೆಳೆಯುತ್ತದೆ. ಕೆಲವೇ ತಿಂಗಳುಗಳಲ್ಲಿ ಹಾವಳಿಯು ಗಣನೀಯವಾಗಿ ಇಳಿಯಿತು. ಒಮ್ಮೆ ನೆಲೆಯೂರಿದ ಕಣಜಗಳು ತಾವಾಗಿಯೇ ವೃದ್ಧಿಯಾಗುವುದರಿಂದ ಪ್ರತಿ ಹಂಗಾಮಿನಲ್ಲಿಯೂ ವೆಚ್ಚ ಮಾಡಬೇಕಾದ ಪ್ರಮೇಯ ಒದಗಲಿಲ್ಲ.

ಇದೇ ಮಾರ್ಗವು ಮುಂದೆ ಮತ್ತೊಮ್ಮೆ ನೆರವಾಯಿತು. 2020ರಲ್ಲಿ ಕೇರಳದ ತ್ರಿಶೂರಿನಲ್ಲಿ ಮರಗೆಣಸಿನ ಹಿಟ್ಟು ತಿಗಣೆ ಪತ್ತೆಯಾಗಿ, ತಮಿಳುನಾಡಿನ ಸೇಲಂ ಪ್ರದೇಶದ ಸಬ್ಬಕ್ಕಿ ಮತ್ತು ಪಿಷ್ಟ ತಯಾರಕರಿಗೆ ಆತಂಕ ತಂದಿತು. ಆಫ್ರಿಕಾದಲ್ಲಿ ಈ ಕೀಟವನ್ನು ಹತೋಟಿಗೆ ತಂದಿದ್ದ ‘ಅನಾಗೈರಸ್ ಲೋಪೆಜಿ’ ಕಣಜವನ್ನು ಬ್ಯೂರೋ 2021ರಲ್ಲಿ ಬೆನಿನ್ ದೇಶದಿಂದ ತರಿಸಿಕೊಂಡು, 2022ರಲ್ಲಿ ಸೇಲಂ ಜಿಲ್ಲೆಯಲ್ಲಿ ಬಿಡುಗಡೆ ಮಾಡಿತು.

ವರ್ತಕರ ಹೊಣೆ

ಕೀಟಗಳು ಅನೇಕ ವೇಳೆ ವ್ಯಾಪಾರದ ಸರಕಿನೊಡನೆಯೇ ಪ್ರಯಾಣ ಮಾಡುತ್ತವೆ ಎಂಬುದನ್ನು ಇಲ್ಲಿ ಮರೆಯಲಾಗದು. ರೇಷ್ಮೆ ಹುಳುವನ್ನು ಕೊಲ್ಲುವ ಊಜಿ ನೊಣವು 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಬಂದ ಗೂಡುಗಳ ಜೊತೆಯಲ್ಲಿ ಕರ್ನಾಟಕಕ್ಕೆ ಕಾಲಿಟ್ಟಿತು. ನಮ್ಮ ಬೆಳೆಗಾರರು ಇಂದಿಗೂ ಅದರೊಡನೆ ಸೆಣಸುತ್ತಿದ್ದಾರೆ. ಹೊರದೇಶದ ಸಸ್ಯ ಸಾಮಗ್ರಿಯ ಆಮದಿಗೆ 2003ರ ಸಸ್ಯ ಕ್ವಾರಂಟೈನ್ ಆದೇಶವು ಅನ್ವಯಿಸುತ್ತದೆ. ಅದರ ತಪಾಸಣೆಯನ್ನು ಕಾಲಹರಣವೆಂದು ಭಾವಿಸದೆ, ಉದ್ಯಮಕ್ಕೆ ದೊರೆತ ವಿಮೆಯೆಂದು ತಿಳಿಯುವುದು ಉಚಿತ. ಒಳನಾಡಿನಲ್ಲಿಯೂ ಕೀಟ ಹತ್ತಿದ ಸಸಿ, ಕಾಂಡದ ತುಂಡು ಹಾಗೂ ಹಣ್ಣುಗಳನ್ನು ಬೇರೆಡೆಗೆ ಸಾಗಿಸದಿರುವುದು ಹಿತಕರ. ಸರಕಿನಲ್ಲಿ ಅಪರಿಚಿತ ಕೀಟ ಕಂಡುಬಂದರೆ ಅದನ್ನು ಸಮೀಪದ ಕೃಷಿ ವಿಶ್ವವಿದ್ಯಾಲಯಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ತಿಳಿಸಬೇಕು.

ಕೀಟ ಸಂಗ್ರಹಾಲಯಗಳಿಗೆ ಮಾಡುವ ವೆಚ್ಚದ ಫಲವು ಆ ವರ್ಷವೇ ಲೆಕ್ಕಪತ್ರದಲ್ಲಿ ಕಾಣುವಂಥದಲ್ಲ. ಮೆಕ್ಸಿಕೋದಲ್ಲಿ 1955ರಲ್ಲಿ ಸಂಗ್ರಹವಾದ ಕೀಟದ ಮಾದರಿಯು ಅರ್ಧ ಶತಮಾನದ ತರುವಾಯ ದಕ್ಷಿಣ ಭಾರತದ ಹಿಪ್ಪುನೇರಳೆ ತೋಟಗಳ ರಕ್ಷಣೆಗೆ ಆಧಾರವಾಯಿತು. ನಮ್ಮ ನೆಲದ ಕೀಟ ವೈವಿಧ್ಯವನ್ನು ಗುರುತಿಸಿ ದಾಖಲಿಸುವ ಕಾರ್ಯಕ್ಕೂ, ಉಪಕಾರಿ ಕೀಟಗಳ ಸಂರಕ್ಷಣೆಗೂ ವಾಣಿಜ್ಯ ಸಂಸ್ಥೆಗಳು ಬೆಂಬಲ ನೀಡಿದರೆ ಮುಂದಿನ ಹಾವಳಿಯ ಹೊತ್ತಿಗೆ ಅದರ ಪ್ರಯೋಜನವು ಮೊದಲು ದೊರೆಯುವುದು ಉದ್ಯಮಕ್ಕೇ.